ಒಂದು ಫುಲ್ಲು, ಮೂರು ಡ್ರೈ ಡೇ

ಮೇ 9, 2023, ಮಂಗಳವಾರ. ರಾತ್ರಿ ಹನ್ನೆರಡೂವರೆ

ತಲೆ ಇನ್ನೂ ಸ್ವಲ್ಪ ತೇಲುತ್ತಿದೆ. ಆದರೂ ಇವತ್ತೇ ಬರೆದುಬಿಡಬೇಕು. ನಾಳೆಗೆ ಇಟ್ಟರೆ ನಾನು ಕುಡಿದ ಲೆಕ್ಕ ಕಮ್ಮಿಯಾಗುತ್ತದೆ, ಆರ್‌ಸಿಬಿ ಸೋತಿದ್ದಕ್ಕೆ ಅಂಪೈರ್ ಕಾರಣ ಆಗಿಬಿಡುತ್ತಾನೆ.

ನನ್ನ ಪದ್ಧತಿ ಮನೆಯವರಿಗೆಲ್ಲ ಗೊತ್ತು. ಶನಿವಾರ ಝೆರಾಕ್ಸ್ ಅಂಗಡಿ ಬಾಗಿಲು ಹಾಕಿ ಬರುವಾಗ ಒಂದು ಕ್ವಾರ್ಟರ್. 180 ಎಂಎಲ್. ನಾನು, ನನ್ನ ಬಾಮೈದ ಇಬ್ಬರಿಗೆ. ತಲಾ ತೊಂಬತ್ತು. 30 ಎಂಎಲ್ ಹಿಡಿಯುವ ಒಂದು ಸ್ಟೀಲ್ ಅಳತೆ ಬಟ್ಟಲಿದೆ. ಅದರಲ್ಲಿ ಅಂಚಿನವರೆಗೆ ತುಂಬಿಸಿ ಲೋಟಕ್ಕೆ ಸುರಿಯುತ್ತೇನೆ. ಬಾಮೈದನಿಗೆ ಅದನ್ನು ಕಂಡರೆ ನಗು. "ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆದ ಹಾಗೆ ಅಳೀತೀರಲ್ಲ ಭಾವ" ಅನ್ನುತ್ತಾನೆ. ಅನ್ನಲಿ. ಹತ್ತು ವರ್ಷದಿಂದ ಹೀಗೇ ನಡೆದಿದೆ. ನಾನು ಹದ್ದುಬಸ್ತಿನಲ್ಲಿ ಕುಡಿಯುವ ಮನುಷ್ಯ ಅಂತ ನನಗೇ ಒಂದು ಹೆಮ್ಮೆ ಇತ್ತು.

ಈಗ ವಿಧಾನಸಭೆ ಚುನಾವಣೆ ಬಂತಲ್ಲ. ಮತದಾನ ಮುಗಿಯೋ ಗಂಟೆಯಿಂದ ಹಿಂದಕ್ಕೆ ಎಣಿಸಿ 48 ಗಂಟೆ ಮದ್ಯ ಮಾರೋ ಹಾಗಿಲ್ಲ. ಜನಪ್ರಾತಿನಿಧ್ಯ ಕಾಯ್ದೆಯಲ್ಲೇ ಇದೆ. ನಿನ್ನೆ ಸಂಜೆ ಪ್ರಚಾರದ ಮೈಕುಗಳ ಜೊತೆಗೇ ಎಂಆರ್‌ಪಿ ಅಂಗಡಿಗಳ ಷಟರ್ರೂ ಇಳಿಯಿತು. 13ನೇ ತಾರೀಕು ಎಣಿಕೆ ದಿನ ಮತ್ತೆ ಬಂದ್. ಇದು ಗೊತ್ತಿದ್ದೇ ಬಾಮೈದ ಭಾನುವಾರ ಸಾಲಿನಲ್ಲಿ ನಿಂತು ಒಂದು ಫುಲ್ ಬಾಟಲು ತಂದಿಟ್ಟಿದ್ದ. ಸಾಲು ರೇಷನ್ ಅಂಗಡಿಗಿಂತ ಉದ್ದ ಇತ್ತಂತೆ.

ನನ್ನ ಹೆಂಡತಿ ಬಾಟಲು ನೋಡಿ ಒಂದೇ ಮಾತು ಅಂದಳು. "ಮೂರು ದಿನ ಅಂಗಡಿ ಇರಲ್ಲ ಅಂದ್ರೆ ಮೂರು ವಾರದ್ದು ತಂದಿಟ್ಕೊಳ್ತೀರಲ್ಲ, ಅಕ್ಕಿಗೆ ಯಾವತ್ತಾದ್ರೂ ಹೀಗೆ ಓಡಿದ್ದೀರಾ?" ಬಾಮೈದ "ಅಕ್ಕ, ಅಕ್ಕಿಗೆ ಡ್ರೈ ಡೇ ಇಲ್ಲ" ಅಂದ. ಅವಳು ನಗಲಿಲ್ಲ.

ಏಳೂವರೆಗೆ ಮುಂಬೈಯಲ್ಲಿ ಮ್ಯಾಚ್. ಅದೇ ಏಳೂವರೆಗೆ ಅಮ್ಮನ ಧಾರಾವಾಹಿ. ಟಿವಿ ಅಮ್ಮನದು, ಅದರಲ್ಲಿ ಮಾತೇ ಇಲ್ಲ. ಆ ಧಾರಾವಾಹಿಯಲ್ಲಿ ಉಮಾಶ್ರೀ ಇದ್ದಾರೆ. "ಮಂತ್ರಿ ಆಗಿದ್ದಾಗ ಇಷ್ಟು ದಿನಾ ನೋಡೋಕೆ ಸಿಕ್ತಿರಲಿಲ್ಲ, ಈಗ ದಿನಾ ಮನೆಗೆ ಬರ್ತಾರೆ" ಅನ್ನೋದು ಅಮ್ಮನ ರಾಜಕೀಯ ವಿಶ್ಲೇಷಣೆ. ಈ ಸಲ ಪ್ರಚಾರಕ್ಕೆ ಆ ಕಡೆಗೆ ಸುದೀಪ್, ಈ ಕಡೆಗೆ ಶಿವಣ್ಣ. ಕೇಳಿದರೆ "ಇಬ್ಬರನ್ನೂ ನೋಡೋಕೆ ಹೋಗ್ತೀನಿ. ಓಟು ಮಾತ್ರ ನಂದು" ಅಂದುಬಿಟ್ಟಳು. 82 ವರ್ಷ. ಟಿವಿ ಚಾನೆಲ್ಲಿನ ಪಂಡಿತರಿಗಿಂತ ಚೆನ್ನಾಗಿ ಹೇಳಿದಳು ಅಂತ ನನ್ನ ಅಭಿಪ್ರಾಯ.

ಹಾಗಾಗಿ ನಾವು ಮೊಬೈಲ್ ಹಿಡಿದು ತಾರಸಿಗೆ ಹೋದೆವು. ಈ ವರ್ಷ ಜಿಯೋಸಿನಿಮಾದಲ್ಲಿ ಐಪಿಎಲ್ ಪುಕ್ಕಟೆ. ಕನ್ನಡ ಕಾಮೆಂಟರಿ ಇದೆ. ಬಾಮೈದ ಕುಶಾಲಿಗೆ ಆಗಾಗ ಭೋಜಪುರಿಗೆ ಹಾಕುತ್ತಾನೆ. ಮೂರನೆಯವರು ಪಕ್ಕದ ಮನೆ ಕಂಡಕ್ಟರಣ್ಣ, ರಿಟೈರ್ ಆಗಿ ಆರು ವರ್ಷ. ಕುಡಿಯೋದಿಲ್ಲ. ಹುರಿದ ಕಡಲೆಕಾಯಿಗೆ ಮತ್ತು ಮಾತಿಗೆ ಬರ್ತಾರೆ. ನಾಲ್ಕನೆಯವರಾಗಿ ಎದುರುಮನೆ ಮೇಷ್ಟ್ರು ಇರಬೇಕಿತ್ತು. ಅವರಿಗೆ ಎಲೆಕ್ಷನ್ ಡ್ಯೂಟಿ. ಬೆಳಿಗ್ಗೆಯೇ ಮಸ್ಟರಿಂಗ್‌ಗೆ ಹೋಗಿ, ಮೆಷಿನ್ ತೆಗೆದುಕೊಂಡು, ಯಾವುದೋ ಹಳ್ಳಿ ಶಾಲೆಯಲ್ಲಿ ಮಲಗಿದ್ದಾರೆ.

ಮೊದಲ ಓವರಿನಲ್ಲೇ ಕೊಹ್ಲಿ ಒಂದು ರನ್ನಿಗೆ ಔಟು. ಬಾಮೈದ ಆ ಸಂಕಟಕ್ಕೆ ಬಾಟಲಿನ ಮುಚ್ಚಳ ತಿರುಗಿಸಿದ. ನಾನು ಅಳತೆ ಬಟ್ಟಲು ಹುಡುಕಿದರೆ ಇಲ್ಲ. ಕೆಳಗೆ ಅಡುಗೆಮನೆಯಲ್ಲಿ ಉಳಿದಿದೆ. ಹೋಗಿ ತರೋಣ ಅಂತ ಎದ್ದೆ. ಅಷ್ಟರಲ್ಲಿ ಮ್ಯಾಕ್ಸ್‌ವೆಲ್ ಹೊಡೆಯೋಕೆ ಶುರು ಮಾಡಿದ. ಕೂತೆ.

ಇಲ್ಲೇ ನಾನು ಕೆಟ್ಟಿದ್ದು.

ಮಾತು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಸರಿಯಾಗಿ ನೆನಪಿಲ್ಲ. ವರುಣ ಕ್ಷೇತ್ರದಿಂದ ಶುರುವಾಗಿತ್ತು. ಮೈಸೂರಿನಲ್ಲಿ ಈ ಎರಡು ತಿಂಗಳು ಯಾವ ಮಾತೂ ವರುಣ ಮುಟ್ಟದೆ ಮುಗಿದಿಲ್ಲ. ಸಿದ್ದರಾಮಯ್ಯ ಎದುರು ಸೋಮಣ್ಣ ಗೆಲ್ತಾರಾ, ಚಾಮರಾಜನಗರಕ್ಕೂ ನಿಂತಿದ್ದು ಯಾಕೆ, ಇವೇ. ಆಮೇಲೆ ಕಾಂಗ್ರೆಸ್ಸಿನ ಗ್ಯಾರಂಟಿ. 200 ಯೂನಿಟ್ ಕರೆಂಟ್ ಪುಕ್ಕಟೆ ಅಂದರೆ ನನಗೇನು ಉಳಿಯುತ್ತದೆ ಅಂತ ಮನೆಯ ಬಿಲ್ಲನ್ನೇ ಮೇಲಕ್ಕೆ ತರಿಸಿದೆ. ಮನೆಗೆ ಸರಿ, ಆದರೆ ಝೆರಾಕ್ಸ್ ಮೆಷಿನ್ನಿನ ಮೀಟರಿಗೆ ಯಾವ ಪಕ್ಷವೂ ಗ್ಯಾರಂಟಿ ಕೊಟ್ಟಿಲ್ಲ. ಬಾಮೈದ ಬಿಜೆಪಿ ಕಡೆಯ ಪ್ರಣಾಳಿಕೆ ಹಿಡಿದ. ಬಿಪಿಎಲ್ ಮನೆಗೆ ವರ್ಷಕ್ಕೆ ಮೂರು ಸಿಲಿಂಡರ್, ದಿನಾ ಅರ್ಧ ಲೀಟರ್ ನಂದಿನಿ ಹಾಲು.

ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ್ದು ಕಂಡಕ್ಟರಣ್ಣ. ಹೆಂಗಸರಿಗೆ ಬಸ್ಸು ಫ್ರೀ ಅಂತ ಬಂದರೆ ಏನಾಗುತ್ತದೆ ಅಂತ ಕೇಳಿದೆ. ಅವರು ಕಡಲೆಕಾಯಿ ಸಿಪ್ಪೆ ಬಿಡಿಸುತ್ತಾ, "ಫ್ರೀ ಅಂದ್ರೂ ಟಿಕೆಟ್ ಹರೀಬೇಕಪ್ಪ. ದುಡ್ಡು ಇಲ್ಲದ ಟಿಕೆಟ್ ಆದ್ರೂ ಲೆಕ್ಕ ಕೊಡ್ಬೇಕಲ್ಲ ಸರ್ಕಾರಕ್ಕೆ. ಆದ್ರೆ ಒಂದು ಸುಖ. ಚಿಲ್ಲರೆ ಜಗಳ ಅರ್ಧ ಕಮ್ಮಿ ಆಗ್ತದೆ" ಅಂದರು. ಮೂವತ್ತು ವರ್ಷ ಚಿಲ್ಲರೆಗಾಗಿ ಬೈಸಿಕೊಂಡವರಿಗೆ ಮಾತ್ರ ಹೊಳೆಯೋ ಮಾತು ಇದು.

ಹಳೆಯ ಕತೆಯೊಂದನ್ನೂ ಹೇಳಿದರು. ನಮ್ಮ ಬೀದಿಯ ಕೊನೆಯ ಗಾರೆ ಕೆಲಸದವನದು. 2018ರಲ್ಲಿ ಯಾರೋ ಓಟಿಗೆ ಅಂತ ಒಂದು ವಾರ ಅವನಿಗೆ ಸಂಜೆ ಸಂಜೆ ಕ್ವಾರ್ಟರ್ ಕೊಟ್ಟರಂತೆ. ಕೊನೆಯ ದಿನ ಎರಡು ಕೊಟ್ಟರು. ಓಟಿನ ದಿನ ಅವನಿಗೆ ಎಚ್ಚರ ಆದಾಗ ದೀಪ ಹಚ್ಚೋ ಹೊತ್ತು. ಕೊಟ್ಟವನಿಗೆ ಕ್ವಾರ್ಟರ್ರೂ ಹೋಯ್ತು, ಓಟೂ ಹೋಯ್ತು. ಈಗ ಅವನು ಬಿಟ್ಟಿದ್ದಾನೆ. ಲಿವರ್ ಕೈಕೊಟ್ಟ ಮೇಲೆ ಬಿಟ್ಟಿದ್ದು.

ಬಾಮೈದ ಆ ಮಾತಿಗೆ, "ವಿಸ್ಕಿ ಕುಡಿದ್ರೆ ಹಾಗೆ. ನಾನು ಬಿಸಿಲುಕಾಲದಲ್ಲಿ ಹೆಚ್ಚಾಗಿ ಬಿಯರ್. ಬಾರ್ಲಿ ನೀರು ಅಷ್ಟೇ" ಅಂದ. ನನಗೆ ರೇಗಿತು. ಕರೆಂಟ್ ಬಿಲ್ಲಿನ ಹಿಂದೆಯೇ ಲೆಕ್ಕ ಹಾಕಿ ತೋರಿಸಿದೆ. ನಮ್ಮ ವಿಸ್ಕಿ 42.8 ಪರ್ಸೆಂಟ್. 30 ಎಂಎಲ್ ಅಂದರೆ ಒಳಗೆ ಹೋಗೋದು ಹತ್ತು ಗ್ರಾಂ ಆಲ್ಕೋಹಾಲ್. ಇವನು ಕುಡಿಯೋ 650 ಎಂಎಲ್ ಸ್ಟ್ರಾಂಗ್ ಬಿಯರ್ ಎಂಟು ಪರ್ಸೆಂಟಿನದು. ಗುಣಿಸಿದರೆ ನಲವತ್ತು ಗ್ರಾಂ ಮೇಲೆ. ಒಂದು ಬಾಟಲು ಬಾರ್ಲಿ ನೀರಿನಲ್ಲಿ ನಾಲ್ಕು ಪೆಗ್ ಕೂತಿದೆ. ಮೈಗೆ ಒಂದು ಪೆಗ್ ಕರಗಿಸೋಕೆ ಹೆಚ್ಚುಕಮ್ಮಿ ಒಂದು ಗಂಟೆ ಬೇಕು. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ಯಾವುದಕ್ಕೂ ಅದು ಬೇಗ ಹೋಗಲ್ಲ.

ಇಷ್ಟೆಲ್ಲ ಲೆಕ್ಕ ಹೇಳುತ್ತಿದ್ದವನ ಲೋಟ ಆಗ ಎಷ್ಟನೆಯ ಸಲ ತುಂಬಿತ್ತು ಅಂತ ನನಗೇ ಗೊತ್ತಿರಲಿಲ್ಲ. ಬಾಮೈದ ಕಣ್ಣಳತೆಯಲ್ಲಿ ಸುರೀತಾನೆ. ಕಣ್ಣು ಮೊಬೈಲ್ ಮೇಲಿತ್ತು.

ಆರ್‌ಸಿಬಿ 199. ಡು ಪ್ಲೆಸಿ 65, ಮ್ಯಾಕ್ಸ್‌ವೆಲ್ 33 ಬಾಲಿಗೆ 68. "ಈ ಸಲ ಕಪ್ ನಮ್ದೇ" ಅಂತ ಬಾಮೈದ ತಾರಸಿಯಿಂದಲೇ ಕೂಗಿದ. ಕೆಳಗಿನಿಂದ ಅಮ್ಮ "ಯಾರು ಗೆದ್ರು?" ಅಂದಳು. ಎಲೆಕ್ಷನ್ ಅಂದುಕೊಂಡಿರಬೇಕು.

ಆಮೇಲೆ ಸೂರ್ಯಕುಮಾರ್ ಬಂದ. 35 ಬಾಲಿಗೆ 83. 199 ಅನ್ನೋ ರಾಶಿಯನ್ನು ಅವರು 16.3 ಓವರಿನಲ್ಲಿ ಎತ್ತಿ ಬಿಸಾಕಿದರು. ಬಾಟಲು ನೋಡಿದರೆ ಅರ್ಧಕ್ಕಿಂತ ಕೆಳಗೆ. ಕುಡಿದವರು ಇಬ್ಬರೇ. ತಲಾ ಆರು ಪೆಗ್ ಮೇಲೆ ಹೋಗಿದೆ ಅಂತ ಕಂಡಕ್ಟರಣ್ಣನೇ ಹೇಳಿದ್ದು. ಅವರಿಗೆ ಎಣಿಸೋದು ರೂಢಿ.

ಬಾಮೈದನ ಬೈಕ್ ಕೀ ಅಮ್ಮ ಅಕ್ಕಿ ಡಬ್ಬಿಯೊಳಗೆ ಹಾಕಿ, ಡಬ್ಬಿ ಪಕ್ಕದಲ್ಲೇ ಮಲಗಿದ್ದಾಳೆ. ಕುಡಿದು ಓಡಿಸಿ ಸಿಕ್ಕರೆ ಹತ್ತು ಸಾವಿರ ದಂಡ ಅನ್ನೋದು ಅವಳಿಗೆ ಗೊತ್ತಿಲ್ಲ. ಮಗುವಿದ್ದಾಗ ಎತ್ತಿ ಆಡಿಸಿದ ಹುಡುಗ ಅನ್ನೋದಷ್ಟೇ ಗೊತ್ತು.

ಮೇಷ್ಟ್ರು ಈಗ ಹತ್ತು ನಿಮಿಷದ ಹಿಂದೆ ಮೆಸೇಜ್ ಹಾಕಿದ್ದಾರೆ. "ಸೊಳ್ಳೆ. ನಿದ್ದೆ ಇಲ್ಲ. ಐದೂವರೆಗೆ ಅಣಕು ಮತದಾನ. ಸ್ಕೋರ್ ಎಷ್ಟು?"

ಮೇ 10, ಬುಧವಾರ

ಬೆಳಿಗ್ಗೆ ತಲೆ ಒಡೆಯೋ ಹಾಗೆ ನೋವು. ಹೆಂಡತಿ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ.

ಒಂದು ವಿಷಯ ಮಾತ್ರ ಬೆಳಿಗ್ಗೆಯಿಂದ ಕೊರೀತಾ ಇದೆ. ಹತ್ತು ವರ್ಷ ನಾನು ತೊಂಬತ್ತಕ್ಕೆ ನಿಲ್ಲಿಸಿದ್ದು ನನ್ನ ಗಟ್ಟಿತನದಿಂದ ಅಲ್ಲ. ಕ್ವಾರ್ಟರ್ ಬಾಟಲು ಅಲ್ಲಿಗೆ ಖಾಲಿಯಾಗುತ್ತಿತ್ತು, ಅಷ್ಟೇ. ಫುಲ್ಲು ಮುಂದಿಟ್ಟರೆ ನಾನೂ ಆ ಗಾರೆಯವನೂ ಒಂದೇ. ಡ್ರೈ ಡೇ ಇಲ್ಲದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಸರ್ಕಾರ ಕುಡೀಬೇಡಿ ಅಂದ ದಿನವೇ ಜಾಸ್ತಿ ಕುಡಿದಿದ್ದೇನೆ ನೋಡಿ.

ಹತ್ತು ಗಂಟೆಗೆ ಸರ್ಕಾರಿ ಶಾಲೆಗೆ ಹೋಗಿ ಸಾಲಿನಲ್ಲಿ ನಿಂತೆ. ಬಿಸಿಲು. ನನ್ನ ಮುಂದಿದ್ದವರ ಕೈಯಲ್ಲಿ ನಾನೇ ಪ್ರಿಂಟ್ ತೆಗೆದುಕೊಟ್ಟಿದ್ದ ಚೀಟಿ. ಈ ವಾರ ಅಂಗಡಿಯಲ್ಲಿ ಇದೇ ಕೆಲಸ, ಪಟ್ಟಿಯಲ್ಲಿ ಹೆಸರು ಹುಡುಕಿಕೊಡೋದು. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಚೀಟಿ ಏಳು ಸೆಕೆಂಡ್ ಕಾಣಿಸಿತು. ತಲೆನೋವಿನಲ್ಲಿ ಏಳು ಸೆಕೆಂಡ್ ಬಹಳ ಉದ್ದ.

ಬೆರಳಿಗೆ ಹಚ್ಚೋ ಶಾಯಿ ನಮ್ಮೂರಿನದೇ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ನಾಲ್ವಡಿಯವರ ಕಾಲದ್ದು, 1937ರದು. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಇಲ್ಲಿಂದಲೇ ಹೋಗೋದು. ಹಚ್ಚಿದಾಗ ನೇರಳೆ, ಬಿಸಿಲಿಗೆ ಬಂದ ಮೇಲೆ ಕಪ್ಪು. ಅದರಲ್ಲಿರೋ ಸಿಲ್ವರ್ ನೈಟ್ರೇಟ್ ಕೆಲಸ ಅದು.

ಅಮ್ಮನ ಬೆರಳು ಹೋದ ವಾರವೇ ಕಪ್ಪಾಗಿತ್ತು. 80 ದಾಟಿದವರಿಗೆ ಈ ಸಲ ನಮ್ಮ ರಾಜ್ಯದಲ್ಲಿ ಮೊದಲ ಸಲ ಮನೆಯಲ್ಲೇ ಮತದಾನ. ಅಧಿಕಾರಿಗಳು ಬಂದರು, ಹಾಲ್‌ನಲ್ಲಿ ರಟ್ಟಿನ ಮರೆ ಇಟ್ಟರು, ನಮ್ಮನ್ನೆಲ್ಲ ಆಚೆ ಕಳಿಸಿದರು. ಎಲ್ಲ ಅಚ್ಚುಕಟ್ಟು. ಆದರೆ ಅಮ್ಮನಿಗೆ ಸಮಾಧಾನ ಇಲ್ಲ. "ಸಾಲಲ್ಲಿ ನಿಂತಿದ್ರೆ ಹಳೇ ಬೀದಿಯವರೆಲ್ಲ ಸಿಕ್ತಿದ್ರು. ಯಾರಿದ್ದಾರೆ, ಯಾರು ಹೋದ್ರು ಅಂತ ಗೊತ್ತಾಗ್ತಿತ್ತು" ಅಂದಳು. ನಾನು ವಾಪಸ್ ಬಂದಾಗ ಸಾಲಿನಲ್ಲಿ ಯಾರ್ಯಾರು ಇದ್ದರು ಅಂತ ಒಬ್ಬೊಬ್ಬರಾಗಿ ಕೇಳಿಸಿಕೊಂಡಳು. ಪಟ್ಟಿ ಒಪ್ಪಿಸೋದರಲ್ಲಿ ಅರ್ಧ ಗಂಟೆ ಹೋಯಿತು.

ಮೇ 13, ಶನಿವಾರ. ನಡುರಾತ್ರಿ

ಶನಿವಾರ, ಆದರೆ ಕ್ವಾರ್ಟರ್ ಇಲ್ಲ. ಅಟ್ಟದ ಮೇಲೆ ಉಳಿದ ಫುಲ್ಲು ಇದೆ. ಮುಟ್ಟಲಿಲ್ಲ. ಹೆಂಡತಿ ಮೂರು ದಿನದಿಂದ ಅಟ್ಟದ ಕೆಳಗೇ ಓಡಾಡುತ್ತಿದ್ದಾಳೆ ಅನ್ನೋದೂ ಒಂದು ಕಾರಣ.

ಎಂಟಕ್ಕೆ ಎಣಿಕೆ ಶುರು. ಇವತ್ತು ಟಿವಿ ನಮಗೇ ಸಿಕ್ಕಿತು, ಅಮ್ಮನೂ ಕೂತಳು. ಅತಂತ್ರ ಆಗುತ್ತೆ ಅಂತ ಬಾಮೈದ, ಇಲ್ಲ ಒಂದೇ ಪಕ್ಷ ಅಂತ ಕಂಡಕ್ಟರಣ್ಣ ಪಂದ್ಯ ಕಟ್ಟಿದ್ದರು. 113 ಬೇಕಾಗಿದ್ದಲ್ಲಿ ಕಾಂಗ್ರೆಸ್ 135. ಬಿಜೆಪಿ 66, ಜೆಡಿಎಸ್ 19. ಸೋಮಣ್ಣ ಎರಡೂ ಕಡೆ ಸೋತರು. ನಾಳೆ ಬೆಳಿಗ್ಗೆ ಮೈಲಾರಿಯಲ್ಲಿ ದೋಸೆ ಬಾಮೈದನ ಖರ್ಚು. ಬೀದಿಯಲ್ಲಿ ಪಟಾಕಿ, ಗುಲಾಲು. ನಾವು ಪಾನಕ ಕುಡಿದೆವು. ಮೇಷ್ಟ್ರು ಸೊಳ್ಳೆ ಕಡಿದ ಕೈ ತೋರಿಸಿಕೊಂಡು ನಾಲ್ಕು ಲೋಟ ಕುಡಿದರು.

ಎಲ್ಲ ಮುಗೀತು ಅಂತ ಟಿವಿ ಆರಿಸೋ ಹೊತ್ತಿಗೆ ಬೆಂಗಳೂರಿನ ಜಯನಗರ ಮಾತ್ರ ಬಾಕಿ. ಎಣಿಸಿದ್ದೇ ಎಣಿಸಿದ್ದು. ಕೊನೆಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು. ಅಂತರ 16 ಓಟು.

"ಹದಿನಾರು ಸಾವಿರವಾ?" ಅಂದಳು ಅಮ್ಮ.

"ಇಲ್ಲಮ್ಮ, ಬರೀ ಹದಿನಾರು."

"ಅಯ್ಯೋ, ಮದುವೆ ಮನೇಲಿ ಒಂದು ಪಂಕ್ತಿಗೂ ಸಾಲಲ್ವಲ್ಲೋ" ಅಂತ ಎದ್ದು ಮಲಗೋಕೆ ಹೋದಳು.

ನಾಳೆ ಮಧ್ಯಾಹ್ನ ಮೂರೂವರೆಗೆ ಜೈಪುರದಲ್ಲಿ ಮ್ಯಾಚ್. ಅಂಗಡಿಗಳೂ ತೆಗೆದಿರುತ್ತವೆ. ಅಳತೆ ಬಟ್ಟಲು ಹುಡುಕಿದೆ. ದೇವರ ಮನೆಯಲ್ಲಿದೆ, ದೀಪಕ್ಕೆ ಎಣ್ಣೆ ಹಾಕೋಕೆ ಅಮ್ಮ ಇಟ್ಟುಕೊಂಡಿದ್ದಾಳೆ. ಅದು ಏನು ಅಂತ ಅವಳಿಗೆ ಗೊತ್ತಿಲ್ಲ. ಹೇಗೆ ವಾಪಸ್ ಕೇಳೋದು ಅಂತ ಯೋಚನೆ ಮಾಡ್ತಾ ಇದ್ದೀನಿ.