ಕರಿಯನ ಕೀವು ಗುಳ್ಳೆ, ಆಮೇಲೆ ಕಣ್ಣು

ನಮ್ಮ ನಾಯಿ ಕರಿಯನ ಹೊಟ್ಟೆ ಮೇಲೆ ಮೊದಲು ಎದ್ದದ್ದು ಸಣ್ಣ ಕೀವು ಗುಳ್ಳೆಗಳು. ಆಮೇಲೆ ಬೆರಳ ಸಂದಿನಲ್ಲಿ ಗಂಟು. ಒತ್ತಿದರೆ ರಕ್ತ ಬೆರೆತ ಕೀವು, ಕೆಟ್ಟ ವಾಸನೆ. ಸೋಂಕು ಕೂದಲ ಬುಡ ದಾಟಿ ಒಳಗಿಳಿದಿದೆ ಅಂದರು ಡಾಕ್ಟರು.

ಮೊದಲ ಆಂಟಿಬಯೋಟಿಕ್ ನಾಟಲಿಲ್ಲ. ಯಾವ ರೋಗಾಣು, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ನೋಡಲು ಕೀವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿದರು. ಬಂದ ಹೆಸರು ಸ್ಟ್ಯಾಫಿಲೋಕಾಕಸ್ ಸ್ಯೂಡಿಂಟರ್ಮೀಡಿಯಸ್. ನಾಯಿಗಳ ಚರ್ಮದ ಮೇಲೆ ಸುಮ್ನೆ ಇರುವ ಬ್ಯಾಕ್ಟೀರಿಯಾ ಇದು. ಅಲರ್ಜಿಯೋ ಕಜ್ಜಿ ಹುಳುವೋ ಚರ್ಮ ಕೆಡಿಸಿದರೆ ತಲೆ ಎತ್ತುತ್ತದೆ. ಕರಿಯನಿಗೆ ಅಂಟಿದ್ದು ಹಲವು ಔಷಧಿಗೆ ಬಗ್ಗದ ತಳಿ. ನಾಟುವ ಔಷಧಿಗಳ ಪಟ್ಟಿಯಲ್ಲಿ ಉಳಿದದ್ದು ಸಲ್ಫಾ ಅನ್ನುವ ಆಂಟಿಬಯೋಟಿಕ್ ಮಾತ್ರೆ.

ಮಾತ್ರೆ ಹಿಡಿಯಿತು, ಗಂಟುಗಳು ಇಳಿದವು. ಆದರೆ ಕಣ್ಣು ಕೆಂಪಾಗಿ ಅಂಟಂಟು ಪಿಸುರು ಕಟ್ಟತೊಡಗಿತು. ಸಲ್ಫಾದಿಂದ ಕೆಲವು ನಾಯಿಗಳ ಕಣ್ಣೀರು ಬತ್ತುವುದುಂಟು. ಡಾಕ್ಟರು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ 1 ನಿಮಿಷ ಕಾದರು. 15 ಮಿ.ಮೀ.ಯಾದರೂ ಒದ್ದೆಯಾಗಬೇಕಂತೆ, ಇವನದು ಅರ್ಧವೂ ಆಗಲಿಲ್ಲ. ಮಾತ್ರೆ ನಿಲ್ಲಿಸಿ, ಕಣ್ಣಿಗೆ ಕಣ್ಣೀರು ಹೆಚ್ಚಿಸುವ ಸೈಕ್ಲೋಸ್ಪೋರಿನ್ ಮುಲಾಮು ಕೊಟ್ಟರು.

ಉಳಿದ ಕೆಲಸವೆಲ್ಲ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂವಿನದು. ನೊರೆ 10 ನಿಮಿಷ ಮೈಮೇಲೆ ಇರಬೇಕು. ಒದ್ದೆ ನಾಯಿಯನ್ನು ಅಷ್ಟು ಹೊತ್ತು ಹಿಡಿದಿಡೋದು ಯಾರಿಗೆ ಬೇಕು ಹೇಳಿ! ಗೋಡೆಗೂ ನನಗೂ ಸ್ನಾನ ಆಗುತ್ತದೆ. ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ಒರೆಸುತ್ತೇನೆ. ಮೇಲೆ ಗಾಯ ಮುಚ್ಚಿದರೂ ಒಳಗೆ ಗಂಟು ಉಳಿದಿರಬಹುದು ಅಲ್ವಾ, ಅದಕ್ಕೇ ಬೆರಳಾಡಿಸಿ ನೋಡುವುದು. ಈಗ ತುರಿಕೆಗೆ ಮೂಲವಾದ ಅಲರ್ಜಿಗೆ ಚಿಕಿತ್ಸೆ ನಡೆದಿದೆ.