ಮಾವ ಎಣಿಸಿದ್ದು ಐವತ್ತನಾಲ್ಕು

ಮಲ್ಪೆ ಬಂದರಿನಲ್ಲಿ ಮೂವತ್ತೆರಡು ವರ್ಷ ಟ್ರಾಲ್ ಬೋಟಿನ ತಾಂಡೇಲರಾಗಿದ್ದ, ಅಂದರೆ ಬೋಟು ನಡೆಸುತ್ತಿದ್ದ ನನ್ನ ಸೋದರಮಾವನಿಗೆ ರಾಕೆಟ್ ಉಡಾವಣೆಯನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿದ್ದು 2023ರ ಜುಲೈ 14ರಂದು. ಅದು ಮೀನುಗಾರಿಕೆಗೆ ರಜೆಯಿರುವ ಮಳೆಗಾಲವಾದ್ದರಿಂದ ಬಂದರಿನ ಗಂಡಸರೆಲ್ಲ ಮನೆಯಲ್ಲಿದ್ದರು. ನಮ್ಮ ಚಾವಡಿಯ ಟಿ.ವಿ.ಯ ಮುಂದೆ ಹದಿನೈದು ಜನ ಕುಳಿತು ಚಂದ್ರಯಾನ-3 ಮೇಲೇರಿದ್ದನ್ನು ನೋಡಿದರು. ಎಲ್ಲರೂ ಚಪ್ಪಾಳೆ ತಟ್ಟಿ ಚಹಾಕ್ಕೆ ಎದ್ದಾಗ ಮಾವ ಮಾತ್ರ ನನ್ನ ಕಡೆ ತಿರುಗಿ ಕೇಳಿದರು: “ಅಲ್ಲ ಮಾರಾಯ, ಇದನ್ನು ಹಾರಿಸಲಿಕ್ಕೆ ಅಷ್ಟು ದೂರ ಆಚೆ ಕರಾವಳಿಗೆ ಯಾಕೆ ಹೋಗಬೇಕು? ಕಡಲು ನಮ್ಮಲ್ಲಿಯೂ ಉಂಟಲ್ಲ?”

ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುವುದರಿಂದ ಪೂರ್ವದ ಕಡೆಗೆ ಹಾರಿಸಿದ ರಾಕೆಟ್ಟಿಗೆ ಅದರ ವೇಗವೂ ಸ್ವಲ್ಪ ಸೇರುತ್ತದೆ, ಶ್ರೀಹರಿಕೋಟಾದ ಅಕ್ಷಾಂಶದಲ್ಲಿ ಅದು ಸೆಕೆಂಡಿಗೆ ಸುಮಾರು 450 ಮೀಟರು, ಉರಿದು ಮುಗಿದ ಹಂತಗಳು ಬಂಗಾಳ ಕೊಲ್ಲಿಗೆ ಬೀಳುತ್ತವೆ, ಮಲ್ಪೆಯಿಂದ ಪೂರ್ವಕ್ಕೆ ಹಾರಿಸಿದರೆ ಅವು ಊರು ಕೇರಿಗಳ ತಲೆಯ ಮೇಲೆ ಬಿದ್ದಾವು ಎಂದು ನಾನು ವಿವರಿಸಿದೆ. ಮಾವ ಒಪ್ಪಿದರಾದರೂ ಪಶ್ಚಿಮ ಕರಾವಳಿಯಲ್ಲಿ ಕೇರಳದ ತುಂಬಾ ಎಂಬ ಊರಿನಿಂದ 1963ರಲ್ಲೇ ರಾಕೆಟ್ ಹಾರಿತ್ತಲ್ಲ ಎಂಬ ಆಕ್ಷೇಪವನ್ನು ಮರುದಿನ ಯಾರಿಂದಲೋ ಕೇಳಿಕೊಂಡು ಬಂದರು. ತುಂಬಾದವು ನೇರ ಮೇಲೆ ಹೋಗಿ ಕಡಲಿಗೆ ಬೀಳುವ ಸಣ್ಣ ಶೋಧಕ ರಾಕೆಟ್ಟುಗಳು, ಅಲ್ಲಿಗೆ ಜಾಗ ಬಿಟ್ಟುಕೊಟ್ಟವರೂ ಮೀನುಗಾರರೇ ಎಂದಾಗ ಅವರಿಗೆ ಸಮಾಧಾನವಾಯಿತು. ಇಸ್ರೋವನ್ನು 1984ರಿಂದ 1994ರವರೆಗೆ ನಡೆಸಿದ ಯು. ಆರ್. ರಾವ್ ಅವರು ನಮ್ಮ ಅದಮಾರಿನವರೆಂಬ ಅಭಿಮಾನ ಅವರಿಗೆ ಮೊದಲೇ ಇತ್ತು.

ಆ ವರ್ಷದ ಆಗಸ್ಟ್ 29ರಂದು ಸೂರ್ಯನನ್ನು ಅಧ್ಯಯನ ಮಾಡುವ ಆದಿತ್ಯ-ಎಲ್1ರ ಉಡಾವಣೆ ನೋಡಲು ಶ್ರೀಹರಿಕೋಟಾದ ವೀಕ್ಷಣಾ ಗ್ಯಾಲರಿಗೆ ನೋಂದಣಿ ತೆರೆಯಿತು. ಗ್ಯಾಲರಿಯನ್ನು 2019ರಲ್ಲಿ ಐದು ಸಾವಿರ ಜನರಿಗೆಂದು ಕಟ್ಟಿದ್ದಾರೆ, ಪ್ರವೇಶ ಉಚಿತ. ಮಧ್ಯಾಹ್ನ 12ಕ್ಕೆ ಸರಿಯಾಗಿ ಮಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಮಾವನ ಆಧಾರ್ ಸಂಖ್ಯೆಯನ್ನು ಒತ್ತುತ್ತಿರುವಾಗ ನಮ್ಮ ಓಣಿಯ ಇಂಟರ್ನೆಟ್ ಹೋಯಿತು. ಅದು ಮರಳಿ ಬರುವಷ್ಟರಲ್ಲಿ ಜಾಗವೆಲ್ಲ ಭರ್ತಿಯಾಗಿತ್ತು. ಉಡಾವಣೆಗೆ ಹೋಗುವವರು ಮೊಬೈಲಿನ ಡೇಟಾವನ್ನೂ ತೆರೆದಿಟ್ಟುಕೊಂಡು, ಗುರುತಿನ ಚೀಟಿಯ ವಿವರಗಳನ್ನು ಮೊದಲೇ ಬರೆದಿಟ್ಟುಕೊಂಡು ಕೂರುವುದು ಒಳ್ಳೆಯದು ಎಂದು ಈಗ ಸಲೀಸಾಗಿ ಹೇಳುತ್ತೇನೆ. ಅಂದು ಮಾವನಿಗೆ ಫೋನ್ ಮಾಡಿ ತಿಳಿಸಲು ನನಗೆ ಸಂಜೆಯವರೆಗೂ ಧೈರ್ಯ ಬರಲಿಲ್ಲ.

2024ರ ಡಿಸೆಂಬರಿನಲ್ಲಿ ಗ್ಯಾಲರಿಯ ಆಸೆಯನ್ನೇ ಬಿಟ್ಟು ಹೊರಟೆವು. ಡಿಸೆಂಬರ್ 4ರ ಸಂಜೆ 4.08ಕ್ಕೆ ಪಿಎಸ್‌ಎಲ್‌ವಿ-ಸಿ59 ರಾಕೆಟ್ ಯುರೋಪಿನ ಪ್ರೋಬಾ-3 ಎಂಬ ಜೋಡಿ ಉಪಗ್ರಹಗಳನ್ನು ಹೊತ್ತೊಯ್ಯುವುದಿತ್ತು. ಅವುಗಳಲ್ಲಿ ಒಂದು ಸೂರ್ಯನಿಗೆ ಅಡ್ಡವಾಗಿ ನಿಂತು, 150 ಮೀಟರು ಹಿಂದಿರುವ ಇನ್ನೊಂದರ ಮೇಲೆ ನೆರಳು ಬೀಳಿಸಿ, ಬೇಕೆಂದಾಗ ಗ್ರಹಣ ಉಂಟುಮಾಡುವ ಏರ್ಪಾಡು. “ಗ್ರಹಣವನ್ನೂ ಈಗ ಮಾಡಿಕೊಳ್ಳುವುದೋ!” ಎಂದು ಅತ್ತೆ ಬೆರಗಾದರು. ಡಿಸೆಂಬರ್ 3ರಂದು ಫೆಂಗಲ್ ಚಂಡಮಾರುತದ ಬಾಲ ಕರಾವಳಿಯನ್ನು ತೊಯ್ಯಿಸುತ್ತಿತ್ತು, ಶಾಲೆಗಳಿಗೆ ರಜೆ ಕೊಟ್ಟಿದ್ದರು. ಮಂಗಳೂರು ಸೆಂಟ್ರಲಿನಿಂದ ಮಧ್ಯಾಹ್ನದ ಚೆನ್ನೈ ಮೇಲ್ ಹಿಡಿದು ಬೆಳಗಿನ ಜಾವ ಚೆನ್ನೈ ತಲುಪಿ, ಅಲ್ಲಿಂದ ಗುಮ್ಮಿಡಿಪೂಂಡಿ ದಾಟಿ ಆಂಧ್ರದ ಸೂಳ್ಳೂರುಪೇಟದವರೆಗೆ ಹೋಗುವ ಲೋಕಲ್ ರೈಲಿನಲ್ಲಿ ಎರಡು ಗಂಟೆಗೂ ಹೆಚ್ಚು ಕುಳಿತೆವು. ಅದೇ ರಾತ್ರಿ 8.10ರ ಮೇಲ್‌ಗೆ ಹಿಂದಿರುಗುವ ಟಿಕೆಟ್ಟನ್ನು ನಾನು ಬಹಳ ಜಾಣತನದಿಂದ ಮುಂಗಡವಾಗಿ ತೆಗೆದಿರಿಸಿದ್ದೆ.

ಸೂಳ್ಳೂರುಪೇಟದಲ್ಲಿ ಇಳಿದೊಡನೆ ಮಾವ ಚೆಂಗಾಳಮ್ಮನ ಗುಡಿಗೆ ಹೋಗಬೇಕೆಂದರು. ಉಡಾವಣೆಗೆ ಮುನ್ನ ಇಸ್ರೋದ ಮುಖ್ಯಸ್ಥರೂ ಇಲ್ಲಿಗೆ ಬಂದು ಕೈಮುಗಿಯುವುದು ರೂಢಿ. ಈ ಗುಡಿಗೆ ಬಾಗಿಲು ಹಾಕುವ ಪದ್ಧತಿಯೇ ಇಲ್ಲವೆಂದು ಊರವರು ಹೇಳಿದ್ದು ಮಾವನಿಗೆ ಬಹಳ ಹಿಡಿಸಿತು. ಕಡಲಿಗೆ ಹೋಗುವವರ ದೇವರು ಹಾಗೆಯೇ ಇರಬೇಕು, ಹೊತ್ತಲ್ಲದ ಹೊತ್ತಿನಲ್ಲಿ ಹೊರಡುವವರಲ್ಲವೇ ಎಂದರು. ಊಟದ ವಿಷಯದಲ್ಲಿ ಅವರಿಗೆ ಇಷ್ಟು ಔದಾರ್ಯವಿರಲಿಲ್ಲ. ಗೋಂಗೂರ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡರೂ ಬೆಳ್ತಿಗೆ ಅನ್ನವನ್ನು ಕುಚ್ಚಲಕ್ಕಿಯವನ ದೃಷ್ಟಿಯಿಂದ ನೋಡಿ ನಿಟ್ಟುಸಿರಿಟ್ಟರು, ಮೀನಿನ ಪುಲುಸು ರುಚಿಯಾಗಿತ್ತೆಂದು ನಾನು ಹೇಳಿದ್ದನ್ನು ಕೇಳಿಸಿಕೊಳ್ಳದವರಂತೆ ಕೈತೊಳೆಯಲು ಎದ್ದರು.

ಊರಿನಿಂದ ಪೂರ್ವಕ್ಕೆ ಪುಲಿಕಾಟ್ ಸರೋವರದ ನಡುವೆ ಕಟ್ಟಿದ ರಸ್ತೆ ಶ್ರೀಹರಿಕೋಟಾ ದ್ವೀಪಕ್ಕೆ ಹೋಗುತ್ತದೆ. ಚಿಲಿಕಾದ ನಂತರ ದೇಶದ ಅತಿ ದೊಡ್ಡ ಚೌಳುನೀರಿನ ಸರೋವರವಿದು. ನಮ್ಮ ಆಟೋದವನು ದಂಡೆಯಲ್ಲಿಯೇ, ಮೂರು ದೋಣಿಗಳನ್ನು ಎಳೆದಿಟ್ಟಿದ್ದ ಒಂದು ತೆರಪಿನಲ್ಲಿ ನಮ್ಮನ್ನು ಇಳಿಸಿದ. ಎದುರಿಗೆ ಮಳೆಯಿಂದ ತುಂಬಿದ ಕಂದು ನೀರು, ಅದರಾಚೆಗೆ ಕಡ್ಡಿಯಲ್ಲಿ ಗೀರಿದಂತೆ ಮರಗಳ ಸಾಲು, ಅಲ್ಲಲ್ಲಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಮೇಯುತ್ತಿದ್ದ ರಾಜಹಂಸಗಳು. ಜನ ಒಬ್ಬೊಬ್ಬರಾಗಿ ಸೇರತೊಡಗಿದರು. ಸಮಯಕ್ಕೆ ಇನ್ನೂ ಒಂದು ಗಂಟೆಯೂ ಉಳಿದಿರಲಿಲ್ಲ, ಅಷ್ಟರಲ್ಲಿ ಒಬ್ಬ ಹುಡುಗ ಮೊಬೈಲನ್ನು ಎತ್ತಿ ಹಿಡಿದು ಕೂಗಿ ಹೇಳಿದ: ಉಪಗ್ರಹದಲ್ಲಿ ಏನೋ ದೋಷ ಕಂಡಿದೆ, ಉಡಾವಣೆ ನಾಳೆಗೆ.

ನನಗೆ ಮೊದಲು ನೆನಪಾದದ್ದು ರಾತ್ರಿಯ ಟಿಕೆಟ್. ಆಗಿನ ನಿಯಮದಂತೆ ರೈಲು ಹೊರಡುವ ನಾಲ್ಕು ಗಂಟೆ ಮೊದಲು, ಅಂದರೆ 4.10ರ ಒಳಗೆ ರದ್ದು ಮಾಡಿದರೆ ಅರ್ಧ ಹಣವಾದರೂ ಬರುತ್ತಿತ್ತು, ಆಮೇಲೆ ಅದೂ ಇರಲಿಲ್ಲ. ದಂಡೆಯಲ್ಲಿ ಒಂಟಿಗಾಲಿನಲ್ಲಿ ನಿಂತು ಸಿಗ್ನಲ್ ಹುಡುಕಿ 3.50ಕ್ಕೆ ರದ್ದು ಮಾಡಿದೆ. ಚಂದ್ರಯಾನ-2 ಕೂಡ 2019ರ ಜುಲೈ 15ರ ನಸುಕಿನಲ್ಲಿ, ಹಾರಲು 56 ನಿಮಿಷ ಇರುವಾಗ ನಿಂತು ಒಂದು ವಾರದ ನಂತರ ಹೋಗಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅದೇ ರಾತ್ರಿಯ ಟಿಕೆಟ್ ತೆಗೆದ ನನ್ನಂಥವನು ಮತ್ತೊಬ್ಬರಿಗೆ ಸಲಹೆ ಕೊಡಬಹುದಾದರೆ, ಕಡೇಪಕ್ಷ ಎರಡು ದಿನ ಕೈಯಲ್ಲಿಟ್ಟುಕೊಂಡು ಹೋಗಿ. ಬೆಳಿಗ್ಗೆ ಒಂದು ಬಾಡಿಗೆ ಹೇಳಿದ್ದ ಲಾಡ್ಜಿನವರು ಸಂಜೆ ಅದೇ ಕೋಣೆಗೆ ಎರಡರಷ್ಟು ಕೇಳಿದರು. ಕೋಣೆಗೆ ಕಿಟಕಿ ಇರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಾವ ಮಾತ್ರ ಒಂದಿಷ್ಟೂ ಕಳವಳಗೊಳ್ಳಲಿಲ್ಲ. “ದಕ್ಕೆಯಲ್ಲಿ ಕಟ್ಟಿದ ಬೋಟಿನ ಇಂಜಿನು ಕೆಮ್ಮಿದರೆ ಅದು ಪುಣ್ಯ. ಐವತ್ತು ಮಾರು ಆಳದಲ್ಲಿ ಕೆಮ್ಮಿದರೆ ಯಾರನ್ನು ಕರೆಯುತ್ತೀ?” ಎಂದು ಬೀಡಿ ಹಚ್ಚಿ, ದೋಣಿಯ ಬಳಿ ಬಲೆಯ ಹರಕು ಹೊಲಿಯುತ್ತಿದ್ದ ಮುದುಕನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತರು.

ಮಾವನಿಗೆ ತೆಲುಗು ಬರುತ್ತದೆಯೆಂದು ನನಗೆ ಆವರೆಗೆ ಗೊತ್ತಿರಲಿಲ್ಲ. ಮಲ್ಪೆಯ ಬೋಟುಗಳಲ್ಲಿ ದುಡಿಯಲು ಬರುವ ಶ್ರೀಕಾಕುಳಂ ಹುಡುಗರಿಂದ ಕಲಿತದ್ದಂತೆ. ಹಗ್ಗ, ಬಲೆ, ಸಂಬಳ, ಬೈಗುಳ ಇವಿಷ್ಟರಲ್ಲಿ ಗಟ್ಟಿಯಾಗಿಯೂ ಉಳಿದೆಡೆ ಸನ್ನೆಯಿಂದಲೂ ಸಾಗುವ ತೆಲುಗು. ಮೊದಲಿನ ಮಾತು ರಜೆಯ ಬಗ್ಗೆ. ಅವರಲ್ಲಿ ಏಪ್ರಿಲ್ 15ರಿಂದ ಜೂನ್ 14, ನಮ್ಮಲ್ಲಿ ಜೂನ್ 1ರಿಂದ ಜುಲೈ 31. ಎರಡೂ 61 ದಿನ. ಇಬ್ಬರೂ ಬೆರಳು ಮಡಚಿ ಲೆಕ್ಕ ಹಾಕಿ, ಲೆಕ್ಕ ಒಂದೇ ಬಂದುದಕ್ಕೆ ನಕ್ಕರು. ಆಮೇಲೆ ಮುದುಕ ಹೇಳಿದ ಮಾತಿಗೆ ಮಾವ ನಗಲಿಲ್ಲ. ರಾಕೆಟ್ ಹಾರುವ ದಿನ ಈ ಭಾಗದ ಕಡಲಿಗೆ ದೋಣಿ ಇಳಿಸುವಂತಿಲ್ಲ. ಅವನ ಮಗ ಕಡಲಿಗೆ ಹೋಗುವವನು. ಚಂಡಮಾರುತದ ಎಚ್ಚರಿಕೆಯೆಂದು ಕಳೆದ ವಾರವಿಡೀ ಮನೆಯಲ್ಲಿದ್ದ, ಇವತ್ತು ರಾಕೆಟ್ಟಿಗೆಂದು ಕುಳಿತ, ನಾಳೆ ಮತ್ತೆ ಕುಳಿತುಕೊಳ್ಳಬೇಕು.

“ಹಾಗಾದರೆ ಇವರ ಮೇಲೆ ನಿಮಗೆ ಕೋಪವಿಲ್ಲವೋ?” ಎಂದು ಮಾವ ಕೇಳಿದರು.

ಮುದುಕ ದಾರವನ್ನು ಹಲ್ಲಿನಿಂದ ಕಡಿದು, ಉತ್ತರ ಕೊಡುವ ಬದಲು, ನಿಮ್ಮ ಊರಿನಲ್ಲಿ ಮೀನು ಎಲ್ಲಿದೆಯೆಂದು ಮೊಬೈಲಿನಲ್ಲಿ ಸಂದೇಶ ಬರುತ್ತದೆಯೇ ಎಂದು ಕೇಳಿದ. ಬರುತ್ತದೆ, ನೀರಿನ ಬಣ್ಣವನ್ನೂ ಬಿಸಿಯನ್ನೂ ಉಪಗ್ರಹ ನೋಡಿ ತಿಳಿಸುತ್ತದೆ ಎಂದು ಮಾವ ಹೇಳಿದರು. “ನಮಗೂ ಬರುತ್ತದೆ. ಬಂದ ದಿನ ಹೋಗಲು ಬಿಟ್ಟರೆ ಆಯಿತು” ಎಂದ ಮುದುಕ. ಮಾವ ಒಂದು ಬೀಡಿ ಮುಂದೆ ಹಿಡಿದರು, ಅವನು ತೆಗೆದುಕೊಂಡ. ಕತ್ತಲಾಗುವವರೆಗೂ ಅವರಿಬ್ಬರೂ ಅಲ್ಲಿಯೇ ಕುಳಿತಿದ್ದರು. ನಾನು ಆಟೋದ ಮೀಟರಿನ ಚಿಂತೆಯಲ್ಲಿದ್ದೆ.

ಮರುದಿನ ಬೆಳಗಿನ ಹೊತ್ತು ಹೇಗೆ ಕಳೆಯಿತೋ ನೆನಪಿಲ್ಲ. ಸಮಯ 4.12 ಎಂದಿದ್ದದ್ದು 4.04ಕ್ಕೆ ಬದಲಾಗಿತ್ತು. ಮೂರೂವರೆಗೆ ನಾವು ಅದೇ ದೋಣಿಗಳ ಬಳಿ ಇದ್ದೆವು. ಸೂರ್ಯ ನಮ್ಮ ಬೆನ್ನಿಗಿದ್ದ. ಇದು ಮಾವನಿಗೆ ಹೊಸ ಅನುಭವ. ಸಂಜೆ ನೀರಿನ ಕಡೆ ಮುಖ ಮಾಡಿದರೆ ಕಣ್ಣು ಕಿರಿದಾಗಿಸಿಕೊಳ್ಳುವುದು ಅವರ ಜೀವಮಾನದ ಅಭ್ಯಾಸ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ಮತ್ತೆ ಮತ್ತೆ ಇಳಿಸುತ್ತಿದ್ದರು.

ಮೊದಲಿಗೆ ಮರಗಳ ಸಾಲಿನ ಮೇಲೆ ಒಂದು ಕಿತ್ತಳೆ ಬಣ್ಣದ ಚುಕ್ಕಿ ಕಾಣಿಸಿತು, ಸದ್ದೇ ಇಲ್ಲ. ಟಿ.ವಿ.ಯಲ್ಲಿ ಗರ್ಜನೆಯೊಂದಿಗೇ ನೋಡಿದ್ದ ನನಗೆ ಆ ಮೌನವೇ ಹೆದರಿಕೆ ಹುಟ್ಟಿಸಿತು. 44 ಮೀಟರು ಎತ್ತರದ, 320 ಟನ್ನು ತೂಕದ ವಸ್ತುವೊಂದು ಹೂವಿನ ಕುಂಡದಿಂದ ಎದ್ದಂತೆ ಎದ್ದು, ಬಿಳಿಯ ಹೊಗೆಯ ಕಂಬವನ್ನು ಕೆಳಗೆ ಬಿಡುತ್ತ ಬಲಕ್ಕೆ, ಆಗ್ನೇಯದ ಕಡೆಗೆ ವಾಲತೊಡಗಿತು. ಬೆಳಕು ಎಷ್ಟು ತೀಕ್ಷ್ಣವಾಗಿತ್ತೆಂದರೆ ಸರೋವರದ ಕಂದು ನೀರಿನಲ್ಲಿಯೂ ಅದರ ಗೆರೆ ಕಾಣುತ್ತಿತ್ತು. ಸುತ್ತಲಿನವರು ಕೂಗುತ್ತಿದ್ದರು. ನನ್ನ ಪಕ್ಕದಲ್ಲಿ ಮಾವನ ತುಟಿ ಅಲುಗುತ್ತಿತ್ತು, ದೇವರ ನಾಮವಿರಬೇಕೆಂದುಕೊಂಡೆ.

ಅಷ್ಟರಲ್ಲಿ ಸದ್ದು ಬಂದಿತು. ಅದು ನೀರಿನ ಮೇಲೆ ಉರುಳಿಕೊಂಡು ಬಂದಂತಿತ್ತು. ಕಿವಿಗಿಂತ ಮೊದಲು ಎದೆಗೂಡಿಗೆ ತಾಗಿತು, ದೋಣಿಯ ಹಲಗೆಯ ಮೇಲಿಟ್ಟಿದ್ದ ನನ್ನ ಅಂಗೈಗೆ ಅದರ ನಡುಕ ತಿಳಿಯಿತು. ರಾಜಹಂಸಗಳು ಒಮ್ಮೆಲೇ ಎದ್ದು, ರೆಕ್ಕೆಯ ಕೆಂಪು ತೋರಿಸಿ, ಸ್ವಲ್ಪ ಆಚೆಗೆ ಕುಳಿತವು. ರಾಕೆಟ್ ಆಗಲೇ ಮೋಡದ ತುಣುಕೊಂದರ ಮೇಲಕ್ಕೆ ಹೋಗಿ ಬರೀ ಚುಕ್ಕಿಯಾಗಿತ್ತು.

“ಐವತ್ತನಾಲ್ಕು” ಎಂದರು ಮಾವ. “ಹತ್ತು ನಾಟಿಕಲ್ ಮೈಲು.”

ನಡುಗಡಲಲ್ಲಿ ಮಿಂಚು ಕಂಡೊಡನೆ ಎಣಿಸಲಾರಂಭಿಸಿ, ಗುಡುಗು ಕೇಳಿದಾಗ ನಿಲ್ಲಿಸಿ, ಮಳೆ ಎಷ್ಟು ದೂರದಲ್ಲಿದೆ, ಬಲೆ ಎಳೆಯಲು ಹೊತ್ತಿದೆಯೇ ಎಂದು ತೀರ್ಮಾನಿಸುವ ಕ್ರಮ ಅದು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರು. ಮೊಬೈಲಿನಲ್ಲಿ ನಕ್ಷೆ ತೆರೆದು ನಾವಿದ್ದ ಜಾಗದಿಂದ ಉಡಾವಣಾ ವೇದಿಕೆಯವರೆಗೆ ಗೆರೆ ಎಳೆದು ನೋಡಿದೆ, ಹದಿನೆಂಟು ಕಿಲೋಮೀಟರಿನ ಆಸುಪಾಸು ಬಂದಿತು. ಅವರಿಗೆ ತೋರಿಸಿದರೆ ನೋಡಲಿಲ್ಲ.

ಹದಿನೆಂಟು ನಿಮಿಷಗಳ ನಂತರ ಉಪಗ್ರಹಗಳು ಬೇರ್ಪಟ್ಟವೆಂದು ಆಟೋದವನು ತನ್ನ ಫೋನಿನಲ್ಲಿ ನೋಡಿ ಎಲ್ಲರಿಗೂ ಸಾರಿದ. ಜನ ಚದುರಿದ್ದರು, ಹೊಗೆಯ ಕಂಬ ಗಾಳಿಗೆ ಸೊಟ್ಟಗಾಗಿ ಇನ್ನೂ ನಿಂತಿತ್ತು. ಬೆಂಗಳೂರಿನ ಮೇಲೆ ಸುತ್ತಿ ಊರಿಗೆ ಹೋಗುವ ಬಸ್ಸು ಹಿಡಿಯಲು ಚೆನ್ನೈಗೆ ತಲುಪಬೇಕಿತ್ತು, ಹೊತ್ತಾಯಿತೆಂದು ಕರೆದೆ. ಮಾವ ದೋಣಿಯಾಚೆ ಮುದುಕನ ಹೊಸ ಬಲೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡು, ಕಣ್ಣಿಗೆ ಬೆರಳು ತೂರಿಸಿ ಅಳತೆ ನೋಡುತ್ತಿದ್ದರು. ಇದರಲ್ಲಿ ಸಣ್ಣ ಸಿಗಡಿಯೂ ಉಳಿಯುವುದಿಲ್ಲವಲ್ಲ ಎಂದು ಅವರು ತಮ್ಮ ತೆಲುಗಿನಲ್ಲಿ ಆಕ್ಷೇಪಿಸಿದಾಗ ಮುದುಕ ಬಲೆಯನ್ನು ಕಸಿದುಕೊಂಡು, ಸರಿಯಾಗಿ ಹಿಡಿಯುವುದು ಹೇಗೆಂದು ಮೊದಲಿನಿಂದ ತೋರಿಸತೊಡಗಿದ.