ತಿರುಗುವ ಬಿರಡೆಯ ಮೇಲಿನ ಬಲ ಒಳಕ್ಕೋ ಹೊರಕ್ಕೋ?

"ಸರ್, ಬಿರಡಿ ತಿರುಗಿಸುವಾಗ ದಾರ ಕೈಯನ್ನ ಹೊರಗ ಎಳೀತದಲ್ರೀ. ಮತ್ತ ಪುಸ್ತಕದಾಗ ಬಲ ಒಳಗ ಐತಿ ಅಂತ ಬರದಾರಲ್ರೀ?"

ಧಾರವಾಡದ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ, ದಾರಕ್ಕೆ ಕಟ್ಟಿದ ರಬ್ಬರ್ ಬಿರಡೆಯನ್ನು ತಲೆಯ ಮೇಲೆ ಸುತ್ತ ತಿರುಗಿಸುವ ಪ್ರಯೋಗ ಮಾಡುವಾಗ, ಪ್ರತಿ ವರ್ಷ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಹುಬ್ಬಳ್ಳಿ, ಗದಗಿನ ಶಿಕ್ಷಕ ಗೆಳೆಯರೂ ಕೇಳುತ್ತಾರೆ, ಅವರ ಮಕ್ಕಳಿಗೂ ಇದೇ ಅನುಮಾನ. ಬಹಳ ಒಳ್ಳೆಯ ಪ್ರಶ್ನೆ. ಇದನ್ನು "ಪುಸ್ತಕದಲ್ಲಿ ಇದ್ದ ಹಾಗೆ ಬರಿ" ಅಂತ ತಳ್ಳಿಹಾಕಬಾರದು.

ಕೈಗೆ ಅನ್ನಿಸಿದ್ದು ನಿಜ. ಪುಸ್ತಕದಲ್ಲಿ ಇರುವುದೂ ನಿಜ. ದಾರ ಕೈಯನ್ನು ಹೊರಕ್ಕೆ ಎಳೆಯುತ್ತದೆ, ಅದೇ ದಾರ ಬಿರಡೆಯನ್ನು ಒಳಕ್ಕೆ ಎಳೆಯುತ್ತದೆ. ಸುತ್ತುತ್ತಿರುವುದು ಬಿರಡೆ. ಹಾಗಾಗಿ ಅದರ ಲೆಕ್ಕಕ್ಕೆ ಅದರ ಮೇಲೆ ಬೀಳುವ ಬಲ ಮಾತ್ರ ಬೇಕು. ಕೈಯ ಮೇಲಿನ ಬಲ ಅಲ್ಲಿ ಸೇರುವುದಿಲ್ಲ.

ಇಷ್ಟು ಹೇಳಿದರೆ ಮಕ್ಕಳಿಗೆ ಸಮಾಧಾನ ಆಗುವುದಿಲ್ಲ. ಅಳೆದು ನೋಡಬೇಕು. ಗೇಣುದ್ದದ, ಅಂಚು ನುಣುಪಾಗಿರುವ ಪ್ಲಾಸ್ಟಿಕ್ ಕೊಳವೆ ಸಾಕು. ಅದರೊಳಗೆ ನೈಲಾನ್ ದಾರ ತೂರಿಸಿ, ಮೇಲಿನ ತುದಿಗೆ ರಬ್ಬರ್ ಬಿರಡೆ, ಕೆಳಗಿನ ತುದಿಗೆ ವಾಷರ್‌ಗಳನ್ನು ಕಟ್ಟಬೇಕು. ಕೊಳವೆಯ ಬಾಯಿಂದ ಬಿರಡೆಯ ನಡುವಿನವರೆಗೆ 50 ಸೆಂಟಿಮೀಟರ್ ದಾರ ಇರಲಿ. ಕೊಳವೆಯ ಕೆಳಗೆ, ತುಸು ಜಾಗ ಬಿಟ್ಟು, ದಾರಕ್ಕೆ ಒಂದು ಕ್ಲಿಪ್ ಹಾಕಿ. ತಲೆಯ ಮೇಲೆ ತಿರುಗಿಸುವಾಗ ಆ ಕ್ಲಿಪ್ ಏರದೆ ಇಳಿಯದೆ ನಿಂತರೆ ಜವ ಸರಿಯಾಗಿದೆ ಅಂತ ಅರ್ಥ. ಆಗ 20 ಸುತ್ತಿನ ಸಮಯ ನೋಡಬೇಕು. ಕ್ಲಿಪ್ ಕೊಳವೆಗೆ ತಾಗಿ ಸಿಕ್ಕಿಕೊಂಡರೆ ಆ ಅಳತೆ ಬಿಟ್ಟುಬಿಡಿ. ಆಗ ದಾರವನ್ನು ಎಳೆಯುತ್ತಿರುವುದು ವಾಷರ್ ಮಾತ್ರ ಅಲ್ಲ, ಕೊಳವೆಯೂ ಎಳೆಯುತ್ತಿರುತ್ತದೆ. ಇದನ್ನೆಲ್ಲ ಅಂಗಳದಲ್ಲೇ ಮಾಡಿಸಿ, ಗಂಟು ಒಮ್ಮೆ ಜಗ್ಗಿ ನೋಡಿ, ಬಿರಡೆಯ ಬದಲು ಕಲ್ಲು ಬೇಡವೇ ಬೇಡ.

ಬಿರಡೆ 20 ಗ್ರಾಂ, ವಾಷರ್ 50 ಗ್ರಾಂ ಅಂದುಕೊಳ್ಳಿ. ವಾಷರ್‌ಗಳ ತೂಕವೇ ದಾರದ ಎಳೆತ. ಲೆಕ್ಕದ ಪ್ರಕಾರ 20 ಸುತ್ತಿಗೆ ಸುಮಾರು 18 ಸೆಕೆಂಡ್ ಆಗಬೇಕು. ವಾಷರ್ 100 ಗ್ರಾಂ ಮಾಡಿದರೆ 12.7 ಸೆಕೆಂಡ್. 200 ಗ್ರಾಂ ಮಾಡಿದರೆ 9. ಎಳೆತ 4 ಪಟ್ಟಾದಾಗ ಸಮಯ ಅರ್ಧಕ್ಕೆ ಇಳಿಯಿತು, ಜವ ಹೆಚ್ಚುಕಡಿಮೆ 2 ಪಟ್ಟಾಯಿತು. ಕೇಂದ್ರಾಭಿಮುಖ ಬಲ, ಅಂದರೆ ವೃತ್ತದ ನಡುವಿನ ಕಡೆಗೆ ಎಳೆಯುವ ಬಲ, ಜವದ ವರ್ಗದಂತೆ ಏರುತ್ತದೆ ಅನ್ನುವುದು ಇದನ್ನೇ. ಕೊಳವೆಯ ಅಂಚಿನಲ್ಲಿ ಘರ್ಷಣೆ ಇರುವುದರಿಂದ ಅಳತೆ ಸ್ವಲ್ಪ ಆಚೀಚೆ ಆಗುತ್ತದೆ, ಅದಕ್ಕೆ ಚಿಂತೆ ಬೇಡ.

ಈ ಲೆಕ್ಕದಲ್ಲಿ ಬಿರಡೆಯ ಮೇಲೆ ಹೊರಕ್ಕೆ ಎಳೆಯುವ ಬಲ ಎಲ್ಲೂ ಬಂದಿಲ್ಲ, ಆದರೂ ಉತ್ತರ ಕೂಡಿಬರುತ್ತದೆ. ಒಳಗಿನ ಎಳೆತಕ್ಕೆ ಸಮನಾಗಿ ಹೊರಗಿನ ಬಲವೂ ಬಿರಡೆಯ ಮೇಲೆ ಇದ್ದಿದ್ದರೆ ಎರಡೂ ಸೇರಿ ಸೊನ್ನೆ ಆಗುತ್ತಿತ್ತು. ಆಗ ಬಿರಡೆ ಸುತ್ತುತ್ತಲೇ ಇರಲಿಲ್ಲ, ನೇರ ಹೋಗುತ್ತಿತ್ತು.

ಚುರುಕು ಮಕ್ಕಳು ಇನ್ನೊಂದು ಹಿಡಿಯುತ್ತಾರೆ. ದಾರ ಪೂರ್ತಿ ಅಡ್ಡ ನಿಲ್ಲುವುದಿಲ್ಲ, ಬಿರಡೆಯ ಕಡೆ ಕೆಳಗೆ ಇಳಿದಿರುತ್ತದೆ ಅಲ್ವಾ? ಹೌದು. 50 ಗ್ರಾಂ ವಾಷರ್ ಇದ್ದಾಗ ಸುಮಾರು 24 ಡಿಗ್ರಿ ಇಳಿದಿರುತ್ತದೆ, 200 ಗ್ರಾಂ ಇದ್ದಾಗ 6 ಡಿಗ್ರಿಯೂ ಇಲ್ಲ. ಆದರೂ ಸಮಯದ ಲೆಕ್ಕ ಕೆಡುವುದಿಲ್ಲ. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ದಾರ ಓರೆಯಾದಾಗ ಒಳಮುಖದ ಎಳೆತ ಎಷ್ಟು ಪಾಲು ಕಡಿಮೆ ಆಗುತ್ತದೋ, ವೃತ್ತದ ತ್ರಿಜ್ಯವೂ ಅಷ್ಟೇ ಪಾಲು ಕಡಿಮೆ ಆಗುತ್ತದೆ. ಒಂದು ಸುತ್ತಿನ ಸಮಯ ಲೆಕ್ಕ ಹಾಕುವಾಗ ಎರಡೂ ಹೊಡೆದುಹೋಗುತ್ತವೆ. ತ್ರಿಜ್ಯದ ಜಾಗದಲ್ಲಿ ಸುಮ್ನೆ ದಾರದ ಉದ್ದ ಹಾಕಿದರೆ ಆಯಿತು.

ದಾರ ಕೈಬಿಟ್ಟರೆ ಬಿರಡೆ ಎತ್ತ ಹೋಗುತ್ತದೆ? ನವಲಗುಂದ, ಅಣ್ಣಿಗೇರಿ ಕಡೆ ಜೋಳದ ಹೊಲ ಕಾಯುತ್ತ ಕವಣಿ ಬೀಸಿದವರನ್ನು ಕೇಳಿ. ಕವಣಿ ಹಕ್ಕಿಗಳ ಕಡೆ ಚಾಚಿದ ಹೊತ್ತಿಗೆ ಎಳೆ ಬಿಟ್ಟರೆ ಕಲ್ಲು ಪಕ್ಕಕ್ಕೆ ಹೋಗುತ್ತದೆ. ಸುಮಾರು ಕಾಲು ಸುತ್ತು ಮೊದಲೇ ಬಿಡಬೇಕು. ಕೈಬಿಟ್ಟ ಕಲ್ಲು ಆ ಗಳಿಗೆಯಲ್ಲಿ ಯಾವ ದಿಕ್ಕಿಗೆ ಓಡುತ್ತಿತ್ತೋ ಅದೇ ದಿಕ್ಕಿಗೆ, ಅಂದರೆ ಸ್ಪರ್ಶಕದ ಗುಂಟ, ಹೊರಡುತ್ತದೆ. ತರಗತಿಯೊಳಗೆ ಇದನ್ನು ತೋರಿಸಲು ಡಬ್ಬಿ ಮುಚ್ಚಳದ ಅಂಚನ್ನು ಉಂಗುರದಂತೆ ಕತ್ತರಿಸಿ, ಒಂದು ಕಡೆ ಬಾಯಿ ತೆಗೆದು, ಮೇಜಿನ ಮೇಲಿಟ್ಟು ಒಳಗೆ ಗೋಲಿ ಉರುಳಿಸಿ. ಬಾಯಿ ಬಂದ ಕೂಡಲೇ ಗೋಲಿ ನೇರ ಹೊರಡುತ್ತದೆ.

"ಹಂಗಾದ್ರ ಚಿಗರಿ ಬಸ್ಸಿನಾಗ ನಿಂತಾಗ ತಿರುವಿನಾಗ ನಮ್ಮನ್ನ ಯಾರು ಹೊರಗ ನೂಕ್ತಾರ್ರೀ?" ಯಾರೂ ಇಲ್ಲ. ನಮ್ಮ ಮೈ ನೇರ ಹೋಗಲು ನೋಡುತ್ತದೆ, ಬಸ್ಸು ತಿರುಗುತ್ತದೆ. ಹಿಡಿದ ಕಂಬ ನಮ್ಮನ್ನು ಒಳಕ್ಕೇ ಎಳೆಯುತ್ತದೆ. ಬಸ್ಸೇ ನಿಂತಿದೆ ಅಂತ ಭಾವಿಸಿ ಲೆಕ್ಕ ಮಾಡುವುದಾದರೆ ಮಾತ್ರ ಹೊರಮುಖದ ಒಂದು ಬಲವನ್ನು ಸೇರಿಸಿಕೊಳ್ಳಬೇಕು. ಅದೇ ಕೇಂದ್ರಾಪಗಾಮಿ ಬಲ. ಎಂಜಿನಿಯರ್‌ಗಳೂ ಅದನ್ನು ಬಳಸುತ್ತಾರೆ, ತಪ್ಪಲ್ಲ. ನೆಲದ ಮೇಲೆ ನಿಂತು ನೋಡುವವರ ಲೆಕ್ಕದಲ್ಲಿ ಅದನ್ನು ಬೆರೆಸಬಾರದು, ಅಷ್ಟೇ.

ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳುತ್ತೇನೆ. 1659ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಈ ಚಲನೆಯ ಲೆಕ್ಕ ಹಾಕಿದಾಗ ಅವರೂ ಹೊರಮುಖದ ಸೆಳೆತದಿಂದಲೇ ಶುರು ಮಾಡಿದ್ದರು. ಒಳಮುಖದ ಬಲಕ್ಕೆ ಹೆಸರು ಕೊಟ್ಟವರು ನ್ಯೂಟನ್. 1687ರಲ್ಲಿ ಅಚ್ಚಾದ ಅವರ ಪುಸ್ತಕದಲ್ಲಿ ಆ ಹೆಸರಿದೆ.

ಪ್ರಯೋಗ ಮುಗಿದ ಮೇಲೆ ನಾನು ಎರಡು ಚಿತ್ರ ಬರೆಸುತ್ತೇನೆ. ಬಿರಡೆಯದೊಂದು, ಕೊಳವೆಯ ಬಾಯಿಯದೊಂದು. ಗಾಳಿಯ ತಡೆ ಬಿಟ್ಟರೆ ಬಿರಡೆಗೆ ಎರಡೇ ಬಾಣ: ದಾರದ ಎಳೆತ, ಭೂಮಿಯ ಎಳೆತ. ಹೊರಕ್ಕೆ ಬಾಣ ಬರೆಯಲೇಬೇಕು ಅನ್ನಿಸಿದರೆ ಅದನ್ನು ಕೊಳವೆಯ ಚಿತ್ರದಲ್ಲಿ ಧಾರಾಳವಾಗಿ ಬರೆಯಬಹುದು.